ಸೊಹ್ರಾದ ನಾಂಗ್‌ಸಾವ್ಲಿಯಾ ಚರ್ಚು: ಜಲಪಾತ ನೋಡಿ ಹಾಗೇ ವಾಪಸ್ ಬರಬೇಡಿ

ಅಂಚೆಪೆಟ್ಟಿಗೆ:
ಕೆಲಸದ ಮೇಲೆ ಶಿಲ್ಲಾಂಗ್‌ನಲ್ಲಿದ್ದೇನೆ. ಊರಿನಿಂದ ಯಾರೇ ಬರಲಿ, ಸೊಹ್ರಾ ತೋರಿಸುವ ಡ್ಯೂಟಿ ನನ್ನದೇ. ಸೊಹ್ರಾ ಅಂದರೆ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಚಿರಾಪುಂಜಿ. ಶಿಲ್ಲಾಂಗ್‌ನಿಂದ ಸುಮಾರು 55 ಕಿ.ಮೀ. ಬಂದವರೆಲ್ಲ ಕೇಳುವುದು ಒಂದೇ: ನೊಹ್‌ಕಾಲಿಕಾಯ್ ಜಲಪಾತ, ಮಾವ್ಸ್‌ಮಾಯ್ ಗುಹೆ, ಬೇರಿನ ಸೇತುವೆ. ಫೋಟೋ ಆಯ್ತು, ಮ್ಯಾಗಿ ಆಯ್ತು, ಕತ್ತಲಾಗುವ ಮುಂಚೆ ಹೊರಡೋಣ ಅಂತಾರೆ.

ಅದೇ ದಾರಿಯಲ್ಲಿ ನಾಂಗ್‌ಸಾವ್ಲಿಯಾ ಅಂತ ಒಂದು ಪುಟ್ಟ ಊರು. ಅಲ್ಲೊಂದು ಪ್ರೆಸ್ಬಿಟೇರಿಯನ್ (ಪ್ರೊಟೆಸ್ಟೆಂಟರ ಒಂದು ಪಂಗಡ) ಚರ್ಚು. ಮೇಘಾಲಯದ ಖಾಸಿ ಜನರಿರುವ ಈ ಬೆಟ್ಟಗಳಲ್ಲಿ ಈ ಪಂಗಡದ ಮೊದಲ ಸಭೆ, ಅಂದರೆ ಭಕ್ತರ ಕೂಟ, ಇದು, 1846ರದ್ದು. ನೋಡಲು ದೊಡ್ಡ ಗೋಪುರ, ಬಣ್ಣದ ಗಾಜು ಅಂತ ಏನೂ ಇಲ್ಲ. ಗೋವಾದ ಚರ್ಚು ನೋಡಿ ಬಂದವರಿಗೆ ಸಪ್ಪೆ ಅನ್ನಿಸಬಹುದು. ಆದರೆ ಸುತ್ತಲಿನ ಹಳ್ಳಿಗಳ ಕಥೆ ಹಿಡಿಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಶಾಲೆ, ಅಕ್ಷರ, ಹಾಡು, ಸಂತೆಯ ದಿನ, ಎಲ್ಲಕ್ಕೂ ಈ ಚರ್ಚು ಅಂಟಿಕೊಂಡಿದೆ.

1841ರ ಜೂನ್ 22ರಂದು ಥಾಮಸ್ ಜೋನ್ಸ್ ಅನ್ನುವ ವೇಲ್ಸ್ ದೇಶದ ಪಾದ್ರಿ ಹೆಂಡತಿ ಆನ್ ಜೊತೆ ಸೊಹ್ರಾಕ್ಕೆ ಬಂದಿಳಿದ. ಬಡಗಿಯ ಮಗ, ತಾನೂ ಗರಗಸ ಹಿಡಿದವನು. ಜೂನ್ 22! ಸೊಹ್ರಾದ ಮಳೆ ಗೊತ್ತಿದ್ದವರು ಯಾರೂ ಆ ದಿನ ಮನೆ ಬದಲಾಯಿಸುವುದಿಲ್ಲ. ಮರುವರ್ಷ ಸೊಹ್ರಾ, ಮಾವ್ಸ್‌ಮಾಯ್, ಮಾವ್ಮ್‌ಲು, ಈ ಮೂರು ಕಡೆ ಶಾಲೆ ತೆರೆದ. ಖಾಸಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮ ಹಾಕಿಕೊಟ್ಟವನು ಇವನೇ. ಇವತ್ತಿಗೂ ಅಂಗಡಿ ಬೋರ್ಡು, ಪೇಪರ್ರು, ಮದುವೆ ಕಾಗದ ಎಲ್ಲ ಅದೇ ಅಕ್ಷರದಲ್ಲಿ.

ಅಲ್ಲಿಗೆ ಹೋಗಿ ಬಂದವರು, ಓದಿದವರು ಇದ್ದರೆ ಬರೆಯಿರಿ.

ಆಗುಂಬೆ ಮಳೆ:
ನಮ್ಮೂರನ್ನು ದಕ್ಷಿಣದ ಚಿರಾಪುಂಜಿ ಅಂತಾರೆ, ಹಾಗಾಗಿ ಅಸಲಿ ಚಿರಾಪುಂಜಿ ನೋಡಲೇಬೇಕು ಅಂತ ಹೋಗಿದ್ದೆ. ನಮ್ಮಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿದರೆ ಹೆಮ್ಮೆ. ಅಲ್ಲಿ 11,000ಕ್ಕೂ ಜಾಸ್ತಿ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,461 ಮಿ.ಮೀ. ಸುರಿದಿತ್ತಂತೆ, ವಿಶ್ವದಾಖಲೆ. ಅಂದರೆ ಚರ್ಚು ಶುರುವಾದ ಹದಿನೈದೇ ವರ್ಷಕ್ಕೆ ಆ ಮಳೆ. ಅದರಲ್ಲೂ ಭಾನುವಾರ ಜನ ಹೋಗುತ್ತಿದ್ದರಾ ಅಂತ ಕುತೂಹಲ.

ಗದ್ದೆಯಲ್ಲಿ ಹೆಂಗಸರು ಬೆನ್ನ ಮೇಲೆ ಹೊದ್ದಿದ್ದು ನೋಡಿ ನಗು ಬಂತು. ನಮ್ಮ ಗೊರಬು ಅದು! ಬಿದಿರಿನ ಹೆಣಿಗೆ, ನಡುವೆ ಎಲೆ. ಅವರು ಕ್ನುಪ್ ಅಂತಾರೆ. ಎರಡೂ ಕೈ ಖಾಲಿ ಇರುತ್ತದೆ, ಬಗ್ಗಿ ಕೆಲಸ ಮಾಡಬಹುದು, ಛತ್ರಿಯಲ್ಲಿ ಆಗುತ್ತದಾ?

ಪ್ರಶ್ನೆ: ಈಗಿರುವ ಕಟ್ಟಡ 1846ರದ್ದೇನಾ? ಅಷ್ಟು ಹಳೆಯದು ಅನ್ನಿಸಲಿಲ್ಲ.

ಅಂಚೆಪೆಟ್ಟಿಗೆ:
@ಆಗುಂಬೆ ಮಳೆ, ಅಲ್ಲ. 1897ರ ಜೂನ್ 12ರ ಸಂಜೆ ದೊಡ್ಡ ಭೂಕಂಪ ಆಯಿತು. ತೀವ್ರತೆ 8ಕ್ಕಿಂತ ಮೇಲೆ. ಶಿಲ್ಲಾಂಗ್, ಸೊಹ್ರಾ ಕಡೆ ಕಲ್ಲಿನ ಕಟ್ಟಡ ಅಂತ ಇದ್ದದ್ದೆಲ್ಲ ನೆಲಸಮ. ಸೊಹ್ರಾದ ಇಳಿಜಾರಿನಲ್ಲಿ ಗುಡ್ಡವೇ ಜಾರಿ ಜನ ಸತ್ತರು. ಈಗಿರುವುದು ಆಮೇಲಿನ ಕಟ್ಟಡ. ಸಭೆ ಹಳೆಯದು, ಗೋಡೆ ಹೊಸದು ಅಂದುಕೊಳ್ಳಿ.

ಆ ಭೂಕಂಪದ ನಂತರವೇ ಈ ಕಡೆ ಎಲ್ಲರೂ ಹಗುರ ಮನೆಗೆ ಬಂದರು. ಮರದ ಚೌಕಟ್ಟು, ನಡುವೆ ಇಕ್ರಾ ಅನ್ನುವ ಜೊಂಡು, ಮೇಲೆ ಗಾರೆ ಮೆತ್ತಿ ಸುಣ್ಣ, ತಗಡಿನ ಮಾಡು. ನೆಲ ಅಲ್ಲಾಡಿದರೆ ಮನೆಯೂ ಜೊತೆಗೇ ತೂಗುತ್ತದೆ, ಬೀಳುವುದಿಲ್ಲ. ಶಿಲ್ಲಾಂಗ್‌ನ ಹಳೇ ಬಡಾವಣೆಗಳಲ್ಲಿ ಈಗಲೂ ಕಾಣುತ್ತವೆ. ಒಂದೊಂದಾಗಿ ಒಡೆದು ಕಾಂಕ್ರೀಟ್ ಎಬ್ಬಿಸುತ್ತಿದ್ದಾರೆ, ಅದು ಬೇರೆ ಮಾತು.

ಹಂಚಿನಮನೆ:
ನಾನು ಮಂಗಳೂರಿನ ಬಾಸೆಲ್ ಮಿಷನ್ ಸಭೆಯ ಮನೆತನದವಳು. ಓದುತ್ತಿದ್ದಂತೆ ನಮ್ಮದೇ ಕಥೆಯ ಇನ್ನೊಂದು ಪಾಠ ಅನ್ನಿಸಿತು. ನಮ್ಮಲ್ಲಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನವರು ಬಂದದ್ದು 1834, ಇವರಲ್ಲಿಗೆ ವೇಲ್ಸ್‌ನವರು 1841. ಎರಡು ಕಡೆಯೂ ಶಾಲೆ, ಪ್ರೆಸ್ಸು, ಕೈಕೆಲಸ. ನಮ್ಮಲ್ಲಿ ಹಂಚಿನ ಕಾರ್ಖಾನೆ, ಅಲ್ಲಿ ಬಡಗಿ ಕೆಲಸ.

ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ತಂದಾಗ ಕನ್ನಡಕ್ಕೆ ಲಿಪಿ ಇತ್ತು, ಪಂಪ ಇದ್ದ, ವಚನ ಇತ್ತು. ಅವರು ಬಂದು ಕಲಿತರು, ಅಚ್ಚು ಹಾಕಿದರು. ಕಿಟೆಲ್ 1894ರಲ್ಲಿ ನಿಘಂಟು ಮುಗಿಸಿದ್ದೂ ಇದ್ದ ರಾಶಿಯನ್ನು ಜೋಡಿಸಿ. ಖಾಸಿಯವರದ್ದು ಬಾಯಿಂದ ಬಾಯಿಗೆ ಬಂದ ಭಾಷೆ. ಹಾಗಾಗಿ ಅಲ್ಲಿ ಪಾದ್ರಿಯ ಕೈ ಜಾಸ್ತಿ ನಡೆಯಿತು.

ಕರ್ನಾಟಕದಲ್ಲಿ ಪ್ರೆಸ್ಬಿಟೇರಿಯನ್ ಅಂತ ಬೋರ್ಡು ಯಾಕೆ ಕಾಣುವುದಿಲ್ಲ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ: ದಕ್ಷಿಣದಲ್ಲಿ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳು 1947ರಲ್ಲಿ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದವು. ಈಶಾನ್ಯದಲ್ಲಿ ಆ ಹೆಸರು ಹಾಗೇ ಉಳಿಯಿತು. ಅವರಲ್ಲಿ ಬಿಷಪ್ ಇರುವುದಿಲ್ಲ. ಊರಿನ ಸಭೆಯವರೇ ಹಿರಿಯರನ್ನು ಆರಿಸುತ್ತಾರೆ, ಆ ಹಿರಿಯರು ಪಾಸ್ಟರ್ ಜೊತೆ ಕೂತು ಸಭೆ ನಡೆಸುತ್ತಾರೆ.

ಖಡಕ್ ರೊಟ್ಟಿ:
ಎಲ್ಲಾ ಚಂದ ಇದೆ. ಆದರೆ ಯಾರ ಬಂದೂಕಿನ ನೆರಳಿನಲ್ಲಿ ಈ ಶಾಲೆ ಬಂತು ಅಂತಲೂ ಹೇಳಿ. 1829ರಿಂದ 1833ರವರೆಗೆ ಖಾಸಿ ರಾಜ ತಿರೋತ್ ಸಿಂಗ್ ಬ್ರಿಟಿಷರ ಜೊತೆ ಹೊಡೆದಾಡಿದ, ಕಾರಣ ಅಸ್ಸಾಂ ಮತ್ತು ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ನಡುವೆ ಅವರು ಹಾಕಹೊರಟ ರಸ್ತೆ. ಹಿಡಿದು ಢಾಕಾದಲ್ಲಿಟ್ಟರು, 1835ರಲ್ಲಿ ಅಲ್ಲೇ ಸತ್ತ. ಅದಾದ ಆರೇ ವರ್ಷಕ್ಕೆ ಪಾದ್ರಿ ಸಾಹೇಬರ ಆಗಮನ. 2018ರಲ್ಲಿ ಮೇಘಾಲಯ ಸರ್ಕಾರ ಜೂನ್ 22ನ್ನು ಥಾಮಸ್ ಜೋನ್ಸ್ ದಿನ ಅಂತ ಮಾಡಿ ರಜೆ ಕೊಟ್ಟಿತು. ಅದಕ್ಕೂ ಮೊದಲು ಖಾಸಿಯವರಿಗೆ ದೇವರಿರಲಿಲ್ಲವಾ, ಹಾಡು ಕಥೆ ಇರಲಿಲ್ಲವಾ? ಸುಮ್ನೆ ಹೊಗಳುವುದು ಬೇಡ.

ಹಳೇ ಮೇಷ್ಟ್ರು:
ಖಡಕ್ ರೊಟ್ಟಿಯವರೇ, ತಿರೋತ್ ಸಿಂಗ್ ವಿಷಯ ತಂದದ್ದು ಒಳ್ಳೆಯದಾಯಿತು. ಸೊಹ್ರಾದಲ್ಲಿ ಬ್ರಿಟಿಷರ ಠಾಣೆ ಇದ್ದದ್ದರಿಂದಲೇ ಮಿಷನ್‌ಗೆ ಅಲ್ಲಿ ಕಾಲೂರಲು ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೋನ್ಸ್ ಸರ್ಕಾರದ ಮನುಷ್ಯ ಅಂತ ಒಂದೇ ಗೆರೆಯಲ್ಲಿ ಮುಗಿಸಿದರೆ ಅವನ ಕಥೆಯ ಅರ್ಧ ಬಿಟ್ಟುಹೋಗುತ್ತದೆ.

ಅವನಿಗಿಂತ ಮೊದಲು ಬಂಗಾಳದ ಶ್ರೀರಾಂಪುರದ ಬ್ಯಾಪ್ಟಿಸ್ಟ್ ಪಾದ್ರಿಗಳು ಪ್ರಯತ್ನಿಸಿದ್ದರು. ಖಾಸಿಯನ್ನು ಬಂಗಾಳಿ ಲಿಪಿಯಲ್ಲಿ ಬರೆದು ಬೈಬಲ್ಲಿನ ಹೊಸ ಒಡಂಬಡಿಕೆಯನ್ನೂ ಅಚ್ಚು ಹಾಕಿದರು. ಅವರಲ್ಲಿ ಅಲೆಕ್ಸಾಂಡರ್ ಲಿಶ್ ಅನ್ನುವವನು 1832ರಿಂದ ಸೊಹ್ರಾದಲ್ಲಿ ಶಾಲೆ ನಡೆಸಿದ. 1838ರ ಹೊತ್ತಿಗೆ ಅದೂ ನಿಂತಿತು. ಜೋನ್ಸ್ ಬಂದು ಬಂಗಾಳಿ ಲಿಪಿ ಬಿಟ್ಟು ರೋಮನ್ ಹಿಡಿದ, ಅದಕ್ಕೆ ತನ್ನ ವೇಲ್ಷ್ ಭಾಷೆಯ ಕಾಗುಣಿತ ಹಾಕಿದ. ಖಾಸಿ ಅಕ್ಷರಮಾಲೆ ನೋಡಿ: ಎ, ಬಿ ಆದ ಮೇಲೆ ಸಿ ಇಲ್ಲ, ಆ ಜಾಗದಲ್ಲಿ ಕೆ ಕೂತಿದೆ. ಜಿ ಆದ ಮೇಲೆ ಎನ್ ಮತ್ತು ಜಿ ಸೇರಿ ಒಂದೇ ಅಕ್ಷರ. ಹೊಸಬರಿಗೆ ವಿಚಿತ್ರ ಕಾಣುತ್ತದೆ, ಖಾಸಿ ಮಕ್ಕಳು ಅದನ್ನೇ ರಾಗವಾಗಿ ಹೇಳುತ್ತಾರೆ.

ಇನ್ನೊಂದು ಮಾತು. ವೇಲ್ಷ್ ಜನರ ಭಾಷೆಗೇ ಅವರ ಊರಿನಲ್ಲಿ ಮರ್ಯಾದೆ ಇರಲಿಲ್ಲ. 1847ರಲ್ಲಿ ಇಂಗ್ಲಿಷ್ ಸರ್ಕಾರದ ಶಿಕ್ಷಣ ವರದಿಯೊಂದು ವೇಲ್ಷ್ ಭಾಷೆಯೇ ಆ ಜನ ಹಿಂದುಳಿಯಲು ಕಾರಣ ಎಂದು ಬರೆದು ದೊಡ್ಡ ಗಲಾಟೆಯಾಯಿತು. ಅಂಥವರು ಇಲ್ಲಿ ಬಂದು ಇಂಗ್ಲಿಷ್ ಬದಲು ಖಾಸಿಯಲ್ಲೇ ಪಾಠ ಶುರು ಮಾಡಿದರು.

ಈಗ ಜೋನ್ಸ್‌ನ ಕೊನೆ ಕೇಳಿ. 1845ರಲ್ಲಿ ಆನ್ ಹೆರಿಗೆಯಲ್ಲಿ ತೀರಿಕೊಂಡಳು. ಆಮೇಲೆ ಹದಿಹರೆಯದ ಹುಡುಗಿಯೊಬ್ಬಳನ್ನು ಮದುವೆಯಾದ, ವ್ಯವಹಾರಕ್ಕೂ ಕೈ ಹಾಕಿದ. ಮಿಷನ್‌ನವರು ಗರಂ ಆದರು, 1847ರಲ್ಲಿ ಸಂಬಂಧ ಕಡಿಯಿತು. ಆ ಕಾಲಕ್ಕೆ ಸುಣ್ಣ, ಕಿತ್ತಳೆ ವ್ಯಾಪಾರವೆಲ್ಲ ಹ್ಯಾರಿ ಇಂಗ್ಲಿಸ್ ಅನ್ನುವವನ ಮುಷ್ಟಿಯಲ್ಲಿತ್ತು. ಈ ಇಂಗ್ಲಿಸನ ಮಾವ ಲಿಸ್ಟರ್, ಅಲ್ಲಿನ ಬ್ರಿಟಿಷ್ ಅಧಿಕಾರಿ. ಅಂದರೆ ಅಂಗಡಿಯೂ ಮನೆಯವರದ್ದೇ, ಠಾಣೆಯೂ ಮನೆಯವರದ್ದೇ. ಇಂಗ್ಲಿಸ್ ಜನರನ್ನು ಹಿಂಡುತ್ತಾನೆ ಅಂತ ಜೋನ್ಸ್ ದೂರು ಬರೆದ. ಬೆನ್ನು ಹತ್ತಿದರು. ಅವನು ಕಾಡು ಬಿದ್ದು ಓಡಾಡಿ, ಮಲೇರಿಯಾ ಹಿಡಿದು, 1849ರಲ್ಲಿ ಕಲ್ಕತ್ತಾದಲ್ಲಿ ಸತ್ತ. ವಯಸ್ಸು 39. ಅಲ್ಲಿನ ಸ್ಕಾಟಿಷ್ ಸ್ಮಶಾನದಲ್ಲಿ ಗೋರಿ ಇದೆ. ಇವನನ್ನು ದೇವರು ಮಾಡುವುದೂ ಬೇಡ, ದಳ್ಳಾಳಿ ಅನ್ನುವುದೂ ಬೇಡ.

ಬಿಡುವಾದಾಗ:
ಮೇಷ್ಟ್ರೇ, ಅವನು ಹೋದ ಮೇಲೆ ಚರ್ಚು ಹೇಗೆ ಉಳಿಯಿತು?

ಹಳೇ ಮೇಷ್ಟ್ರು:
ಅದೇ ಮಿಷನ್ನಿನ ವಿಲಿಯಂ ಲೂಯಿಸ್ ದಂಪತಿ ಆಗಲೇ ಬಂದಿದ್ದರು, ಅವರು ಹಿಡಿದು ನಿಲ್ಲಿಸಿದರು. ಬಹಳ ನಿಧಾನ ಬೆಳೆಯಿತು. 1846ರಲ್ಲಿ ಮೊದಲ ದೀಕ್ಷಾಸ್ನಾನ ಪಡೆದವರು ಇಬ್ಬರೇ. ಮುಂದೆ ಜಾನ್ ರಾಬರ್ಟ್ಸ್ ಅನ್ನುವ ಇನ್ನೊಬ್ಬ ವೇಲ್ಸ್ ಪಾದ್ರಿ ಬಂದ. ಪೂರ್ತಿ ಬೈಬಲ್ 1891ರಲ್ಲಿ ಖಾಸಿಗೆ ಬಂತು. ಸೊಹ್ರಾದಲ್ಲಿ ಪಾಸ್ಟರ್‌ಗಳನ್ನು ತಯಾರು ಮಾಡುವ ಕಾಲೇಜು 1887ರಿಂದಲೇ ಇದೆ.

ಈ ನಡುವೆ ಸರ್ಕಾರ ಮಳೆಗೆ ಸೋತು 1860ರ ದಶಕದಲ್ಲಿ ಕಚೇರಿಗಳನ್ನು ಶಿಲ್ಲಾಂಗ್‌ಗೆ ಎತ್ತಿಕೊಂಡು ಹೋಯಿತು. ಸೊಹ್ರಾ ಮತ್ತೆ ಹಳ್ಳಿಯಾಯಿತು. ಠಾಣೆ ಹೋಯಿತು, ಚರ್ಚು ಉಳಿಯಿತು. ಬಂದೂಕಿನ ನೆರಳು ಅಂದಿರಲ್ಲ ಖಡಕ್ ರೊಟ್ಟಿಯವರೇ, ನೆರಳು ಹೋದ ಮೇಲೂ ಜನ ಬಿಡಲಿಲ್ಲ, ಅದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ವಾಯುಸೇನೆ ನಿವೃತ್ತ:
ಅಪ್ಪರ್ ಶಿಲ್ಲಾಂಗ್‌ನಲ್ಲಿ ಪೋಸ್ಟಿಂಗ್ ಇದ್ದಾಗ ಖಾಸಿ ಸಹೋದ್ಯೋಗಿಯೊಬ್ಬರ ಜೊತೆ ಸೊಹ್ರಾ ಕಡೆ ಭಾನುವಾರದ ಆರಾಧನೆಗೆ ಹೋಗಿದ್ದೆ. ನಾನು ಪುರಂದರದಾಸರ ಪದ ಕೇಳಿ ಬೆಳೆದವನು. ಒಬ್ಬರು ಹೇಳಿ ಉಳಿದವರು ಹಿಂದೆ ಹೇಳುವುದು ನಮ್ಮ ಕ್ರಮ. ಅಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಒಂದು ಸ್ವರ, ಅವರ ಮೊಮ್ಮಗ ಇನ್ನೊಂದು ಸ್ವರ, ಹಿಂದಿನ ಬೆಂಚಿನ ಗಂಡಸರು ಕೆಳಗಿನ ಸ್ವರ. ನಾಲ್ಕು ದನಿ ಒಟ್ಟಿಗೆ. ಸ್ಟಾರ್ಟ್ ಮಾಡಿ ಅಂತ ಯಾರೂ ಕೈ ತೋರಿಸಲಿಲ್ಲ.

ಪುಸ್ತಕ ಇಣುಕಿ ನೋಡಿದರೆ ಗೆರೆ, ಚುಕ್ಕಿಯ ಸಂಗೀತ ಲಿಪಿ ಇಲ್ಲ. ಡಿ, ಆರ್, ಎಂ, ಎಫ್ ಅಂತ ಬರೀ ಅಕ್ಷರ. ಡೋ ರೇ ಮಿ ಫಾ. ಟಾನಿಕ್ ಸೋಲ್ಫಾ ಅಂತಾರೆ. ನಮ್ಮ ಸರಿಗಮ ಬರೆದ ಹಾಗೇ. ವೇಲ್ಸ್‌ನವರು ತಂದದ್ದು. ಆ ಸಹೋದ್ಯೋಗಿ ಶಾಲೆಗೂ ಮುಂಚೆ ಇದನ್ನು ಕಲಿತದ್ದಂತೆ. ಮಧ್ಯೆ ಮಳೆ ಬಂತು, ತಗಡಿನ ಮೇಲೆ ಎಷ್ಟು ಜೋರು ಅಂದರೆ ಪಾಸ್ಟರ್ ಮಾತು ನಿಲ್ಲಿಸಿಬಿಟ್ಟರು. ಹಾಡಿನ ಹೊತ್ತಿಗೆ ಬಂದಿದ್ದರೆ ಇವರು ನಿಲ್ಲಿಸುತ್ತಿರಲಿಲ್ಲ ಅನ್ನಿಸಿತು!

ಆಮೇಲೆ ಮನೆಗೆ ಕರೆದರು. ಬಾಗಿಲಲ್ಲೇ ಕ್ವಾಯ್ ಕೊಟ್ಟರು. ಅಡಿಕೆ, ವೀಳ್ಯದೆಲೆ, ಸುಣ್ಣ.

ಆಗುಂಬೆ ಮಳೆ:
@ವಾಯುಸೇನೆ ನಿವೃತ್ತ ಸರ್, ಕ್ವಾಯ್ ಬಗ್ಗೆ ಎಚ್ಚರಿಕೆ ಕೊಡಿ ಎಲ್ಲರಿಗೂ. ಅಡಿಕೆ ತೋಟದ ಮನೆಯವನು ನಾನು, ಗಡದ್ದಾಗಿ ಬಾಯಿಗೆ ಹಾಕಿದೆ. ನಮ್ಮ ಹಾಗೆ ಬೇಯಿಸಿ ಒಣಗಿಸಿದ್ದಲ್ಲ, ಹಸಿ ಅಡಿಕೆ. ಕಿವಿ ಬಿಸಿಯಾಗಿ ಬೆವರು ಕಿತ್ತುಕೊಂಡು ಬಂತು. ಕೊಟ್ಟ ಕಾಂಗ್ ನಗುತ್ತಾ ನೀರು ತಂದುಕೊಟ್ಟರು. ಅಲ್ಲಿ ಅಕ್ಕನಿಗೆ ಕಾಂಗ್ ಅಂತಾರೆ, ಅಂಗಡಿಯಲ್ಲಿ ಕೂತ ಹೆಂಗಸರನ್ನೂ ಹಾಗೇ ಕರೆಯಬೇಕು.

ಅಂಚೆಪೆಟ್ಟಿಗೆ:
ಅಡಿಕೆ ಮಾತು ಬಂತಲ್ಲ, ಹಳ್ಳಿಗಳ ವಿಷಯಕ್ಕೆ ಬರುತ್ತೇನೆ.

ಸೊಹ್ರಾ ಬಯಲಿನ ಮೇಲೆ ಮರ ಕಡಿಮೆ, ಮಣ್ಣೆಲ್ಲ ತೊಳೆದು ಹೋಗಿದೆ. ಅಂಚು ದಾಟಿ ದಕ್ಷಿಣಕ್ಕೆ ಇಳಿದರೆ ಬೇರೆಯೇ ಲೋಕ. ಅಡಿಕೆ, ವೀಳ್ಯದೆಲೆ, ಕಿತ್ತಳೆ, ಹಲಸು, ಜೇನು. ನಾಂಗ್ರಿಯಾತ್‌ನ ಎರಡಂತಸ್ತಿನ ಬೇರಿನ ಸೇತುವೆ ಇರುವುದು ಅಲ್ಲೇ, ಮೂರು ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಇನ್ನೂ ಕೆಳಗೆ ಶೆಲ್ಲಾ, ಅದರಾಚೆ ಸಿಲ್ಹೆಟ್ ಬಯಲು. ಈ ಇಳಿಜಾರಿನ ಹಳ್ಳಿಗಳ ವ್ಯಾಪಾರವೆಲ್ಲ ಸಿಲ್ಹೆಟ್ ಜೊತೆಗಿತ್ತು. ಕೆಳಗೆ ಕಿತ್ತಳೆ ಹೋಗುತ್ತಿತ್ತು, ಮೇಲೆ ಅಕ್ಕಿ, ಮೀನು ಬರುತ್ತಿತ್ತು. 1947ರಲ್ಲಿ ಸಿಲ್ಹೆಟ್ ಪಾಕಿಸ್ತಾನಕ್ಕೆ ಹೋಯಿತು. ದೋಣಿಯಲ್ಲಿ ಹೋಗಿಬರುತ್ತಿದ್ದ ಸಂತೆ ಪರದೇಶವಾಯಿತು. ವಿಭಜನೆ ಅಂದರೆ ನಮಗೆ ಪಂಜಾಬ್, ಬಂಗಾಳ ಮಾತ್ರ ನೆನಪಾಗುತ್ತದೆ. ಇವರ ಹೊಟ್ಟೆಗೆ ಬಿದ್ದ ಏಟಿನ ಮಾತು ಯಾರೂ ಎತ್ತುವುದಿಲ್ಲ.

ತಮಾಷೆ ನೋಡಿ. ಇಂಗ್ಲಿಸ್ ಕುಟುಂಬ ಸುಣ್ಣ ಸಾಗಿಸುತ್ತಿದ್ದದ್ದು ಛಾತಕ್ ಅನ್ನುವ ಊರಿಗೆ. ಇವತ್ತು ಶೆಲ್ಲಾ ಕಡೆಯ ಸುಣ್ಣದಕಲ್ಲು 17 ಕಿ.ಮೀ. ಉದ್ದದ ಬೆಲ್ಟ್ ಮೇಲೆ ಗಡಿ ದಾಟಿ ಅದೇ ಛಾತಕ್‌ನ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಕಲ್ಲಿಗೆ ಪಾಸ್‌ಪೋರ್ಟ್ ಬೇಡ.

ಮಾವ್ಮ್‌ಲು ಕೂಡ ಸಿಮೆಂಟಿನ ಊರೇ. ಆದರೆ ಅಲ್ಲಿನ ಗುಹೆ ಈಗ ಹೆಸರು ಮಾಡಿದೆ. ಅಲ್ಲಿನ ಸುಣ್ಣದ ಹರಳುಗಂಬದಲ್ಲಿ ಸುಮಾರು 4,200 ವರ್ಷದ ಹಿಂದಿನ ದೊಡ್ಡ ಬರಗಾಲದ ಗುರುತು ಸಿಕ್ಕಿ, 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದೀಚಿನ ಕಾಲಕ್ಕೆ ಮೇಘಾಲಯನ್ ಯುಗ ಅಂತ ಹೆಸರಿಟ್ಟರು. ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಇಲ್ಲಿ ಬರಗಾಲದ ಸಾಕ್ಷಿ! ಚಳಿಗಾಲದಲ್ಲಿ ಬಂದರೆ ಈಗಲೂ ಹೆಂಗಸರು ಕೊಡ ಹಿಡಿದು ನೀರಿಗೆ ನಡೆಯುವುದು ಕಾಣುತ್ತದೆ.

ಹೆಗಲಚೀಲ:
ಸಂತೆಯ ದಿನಕ್ಕೂ ಚರ್ಚಿಗೂ ಏನು ಸಂಬಂಧ ಅಂತ ಹೇಳಲೇ ಇಲ್ಲ ನೀವು.

ಅಂಚೆಪೆಟ್ಟಿಗೆ:
ಹೌದಲ್ವಾ. ಖಾಸಿಯವರ ಹಳೇ ವಾರಕ್ಕೆ ಎಂಟು ದಿನ. ಒಂದೊಂದು ದಿನ ಒಂದೊಂದು ಊರಿನ ಸಂತೆ, ಸರದಿ ಪ್ರಕಾರ. ಸೊಹ್ರಾದ ಸಂತೆಯೂ ಎಂಟು ದಿನಕ್ಕೊಮ್ಮೆ. ಚರ್ಚಿನದ್ದು ಏಳು ದಿನದ ವಾರ. ಎರಡು ಚಕ್ರ ಒಟ್ಟಿಗೆ ತಿರುಗುತ್ತವೆ, ಹಾಗಾಗಿ ಸಂತೆ ಆಗಾಗ ಭಾನುವಾರಕ್ಕೆ ಬೀಳುತ್ತದೆ. ಬಿದ್ದಾಗ ಹಿಂದಿನ ದಿನವೇ ಮುಗಿಸಿಬಿಡುವುದು ವಾಡಿಕೆ ಅಂತ ಒಣಮೀನು ಮಾರುವ ಕಾಂಗ್ ಒಬ್ಬರು ಹೇಳಿದರು. ಅವರು ಚರ್ಚಿಗೆ ಹೋಗುವವರಲ್ಲ. ಆದರೂ ಭಾನುವಾರ ಅಂಗಡಿ ಹಾಕುವುದಿಲ್ಲವಂತೆ. "ಯಾರು ಬರುತ್ತಾರೆ ಕೊಳ್ಳಲು?"

ಖಡಕ್ ರೊಟ್ಟಿ:
ನೋಡಿ, ನನ್ನ ಮಾತೂ ಅದೇ. ಹೋಗದವರೂ ಚರ್ಚಿನ ಗಡಿಯಾರಕ್ಕೆ ನಡೆಯಬೇಕು. 1899ರಲ್ಲಿ ಹದಿನಾರು ಜನ ಯುವಕರು ಸೇರಿ ಸೆಂಗ್ ಖಾಸಿ ಅನ್ನುವ ಸಂಘ ಕಟ್ಟಿದ್ದು ಸುಮ್ನೆ ಅಲ್ಲ. ತಮ್ಮ ಧರ್ಮ, ಕುಣಿತ, ಕುಲದ ಪದ್ಧತಿ ಹೋಗಿಬಿಡುತ್ತದೆ ಅಂತ ಹೆದರಿದ್ದಕ್ಕೆ. ಶಿಲ್ಲಾಂಗ್‌ನ ವೈಕಿಂಗ್ ಮೈದಾನದಲ್ಲಿ ಪ್ರತಿ ವರ್ಷ ನಡೆಯುವ ಶಾದ್ ಸುಕ್ ಮಿನ್ಸಿಯಮ್ ಕುಣಿತ ಅವರಿಂದ ಉಳಿದಿದೆ. ರಾಮಕೃಷ್ಣ ಮಿಷನ್‌ನವರೂ 1924ರಲ್ಲಿ ಶೆಲ್ಲಾಕ್ಕೆ, 1931ರಲ್ಲಿ ಸೊಹ್ರಾಕ್ಕೆ ಬಂದು ಶಾಲೆ ಹಾಕಿದರು. ಜೋನ್ಸ್ ಒಬ್ಬನೇ ಅಲ್ಲ.

ಹಳೇ ಮೇಷ್ಟ್ರು:
ಒಪ್ಪಿದೆ. ಆದರೆ ಅಲ್ಲೇ ಒಂದು ಗಂಟು ಇದೆ. ಆ ಕಾಲದಲ್ಲಿ ಖಾಸಿ ಧರ್ಮದ ಪರ ನಿಂತವರಲ್ಲಿ ದೊಡ್ಡ ಹೆಸರು ಜೀಬನ್ ರಾಯ್, ಸೊಹ್ರಾ ಕಡೆಯವರೇ. 1896ರಲ್ಲಿ ಸ್ವಂತ ಪ್ರೆಸ್ ಹಾಕಿ ಖಾಸಿ ಧರ್ಮದ ಪುಸ್ತಕ ಅಚ್ಚು ಹಾಕಿಸಿದರು. ಯಾವ ಅಕ್ಷರದಲ್ಲಿ? ಅದೇ ರೋಮನ್ ಅಕ್ಷರದಲ್ಲಿ. ಚರ್ಚಿಗೆ ಉತ್ತರ ಕೊಡಲು ಚರ್ಚಿನ ಅಕ್ಷರವನ್ನೇ ತೆಗೆದುಕೊಂಡರು, ಸರಿಯಾಗಿ ಬಳಸಿದರು.

ಖಾಸಿಯವರಲ್ಲಿ ಒಂದು ಹಳೇ ಕಥೆ ಇದೆ. ದೇವರು ಎಲ್ಲರಿಗೂ ಅಕ್ಷರ ಕೊಟ್ಟು ಕಳಿಸಿದ. ಹಿಂದಿರುಗುವಾಗ ಪ್ರವಾಹ. ಬಯಲಿನವನು ಅಕ್ಷರದ ಕಟ್ಟನ್ನು ಜುಟ್ಟಿಗೆ ಕಟ್ಟಿಕೊಂಡು ಈಜಿದ. ಖಾಸಿ ಬಾಯಲ್ಲಿ ಕಚ್ಚಿಕೊಂಡು ಈಜಿದ, ಏದುಸಿರಿನಲ್ಲಿ ನುಂಗಿಬಿಟ್ಟ. ಅದಕ್ಕೇ ನಮ್ಮ ವಿದ್ಯೆಯೆಲ್ಲ ಹೊಟ್ಟೆಯೊಳಗಿದೆ, ಹಾಳೆಯ ಮೇಲಿಲ್ಲ ಅಂತ.

ಖಡಕ್ ರೊಟ್ಟಿ:
ಕಥೆ ಭಾರಿ ಇದೆ ಮೇಷ್ಟ್ರೇ. ರಜೆಯ ಬಗ್ಗೆ ನನ್ನ ತಕರಾರು ಹಾಗೇ ಇದೆ. ಆದರೆ ಜೋನ್ಸ್ ಇಂಗ್ಲಿಸ್ ಜೊತೆ ಜಗಳ ಆಡಿದ್ದು ಆ ದಿನದ ಭಾಷಣಗಳಲ್ಲಿ ಬರುತ್ತದೋ ಇಲ್ಲವೋ, ಅದನ್ನು ಕೇಳಬೇಕು.

ಹಂಚಿನಮನೆ:
ಕುಲದ ಪದ್ಧತಿ ಅಂದಿರಲ್ಲ, ಅದು ಹೋಗಿಲ್ಲ. ಚರ್ಚಿಗೆ ಹೋಗುವ ಖಾಸಿಗಳಲ್ಲೂ ಮಕ್ಕಳಿಗೆ ತಾಯಿಯ ಕುಲದ ಹೆಸರೇ, ಹಿರಿಯರ ಮನೆ ಕೊನೆಯ ಮಗಳಿಗೇ. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಲ್ಸ್‌ನವರು ಎಷ್ಟೋ ಬದಲಾಯಿಸಿದರು, ಅದನ್ನು ಅಲ್ಲಾಡಿಸಲು ಆಗಲಿಲ್ಲ. ಕೊನೆಗೆ 1969ರ ಹೊತ್ತಿಗೆ ಅವರೇ ವಾಪಸ್ ಹೋದರು, ಸಭೆ ಪೂರ್ತಿ ಇಲ್ಲಿಯವರದ್ದು.

ಹೆಗಲಚೀಲ:
ನವೆಂಬರ್‌ನಲ್ಲಿ ನಾವು ನಾಲ್ಕು ಜನ ಹೋಗುತ್ತಿದ್ದೇವೆ. ನಾಂಗ್‌ಸಾವ್ಲಿಯಾ ಸೇರಿಸಿಕೊಂಡಿದ್ದೇವೆ. ಭಾನುವಾರ ಹೋದರೆ ಒಳಗೆ ಬಿಡುತ್ತಾರಾ? ಕ್ಯಾಮೆರಾ?

ಅಂಚೆಪೆಟ್ಟಿಗೆ:
ಬಿಡುತ್ತಾರೆ, ಧಾರಾಳವಾಗಿ. ಶಾರ್ಟ್ಸ್ ಬೇಡ, ಮಧ್ಯೆ ಎದ್ದು ಓಡಾಡಬೇಡಿ, ಆರಾಧನೆ ನಡೆಯುವಾಗ ಕ್ಯಾಮೆರಾ ಒಳಗಿಡಿ. ಪೂರ್ತಿ ಖಾಸಿಯಲ್ಲಿ ಇರುತ್ತದೆ, ಒಂದು ಅಕ್ಷರ ಅರ್ಥವಾಗುವುದಿಲ್ಲ. ಹಾಡಿಗೋಸ್ಕರ ಕೂತಿರಿ. ಆದರೆ ಭಾನುವಾರ ಶಿಲ್ಲಾಂಗ್‌ನಿಂದ ಶೇರ್ ಸುಮೋ ನಂಬಬೇಡಿ. ಶನಿವಾರ ಬೆಳಿಗ್ಗೆ ಬಡಾ ಬಜಾರಿನಿಂದ ಸುಮೋ ಹಿಡಿದು, ರಾತ್ರಿ ಸೊಹ್ರಾದಲ್ಲೇ ಉಳಿಯಿರಿ. ಊಟದ ಅಂಗಡಿಗಳೂ ಭಾನುವಾರ ಹೆಚ್ಚು ಮುಚ್ಚಿರುತ್ತವೆ, ಉಳಿದುಕೊಂಡ ಮನೆಯಲ್ಲೇ ಊಟಕ್ಕೆ ಮೊದಲೇ ಹೇಳಿಡಿ. ಮಾಂಸ ತಿನ್ನದವರಿದ್ದರೆ ಇನ್ನೂ ಮುಂಚೆ ಹೇಳಿ, ಜಾದೋ ಅನ್ನುವ ಅಲ್ಲಿನ ಅನ್ನ ಮಾಂಸದ ಜೊತೆಯಲ್ಲೇ ಬೇಯುತ್ತದೆ.

ಹೆಗಲಚೀಲ:
ಇಬ್ಬರು ತಿನ್ನುವುದಿಲ್ಲ. ಊರಿಂದ ಚಟ್ನಿಪುಡಿ ತರುತ್ತೇವೆ ಬಿಡಿ. ನಿಮಗೂ ಒಂದು ಡಬ್ಬಿ ಬೇಕಾ?

ಅಂಚೆಪೆಟ್ಟಿಗೆ:
ಕೇಳಬೇಕಾ? ಶೇಂಗಾದ್ದು ತನ್ನಿ.